ಓಲೆಗರಿಯ ಪ್ರತಿಗೆ ತಕ್ಕ ಕಿರುಕ್ಯಾಮರಾ: ಮಸೂರದ ಲಕ್ಷಣವೂ ಪರೀಕ್ಷೆಯೂ

ಪ್ರಾಚೀನಗ್ರಂಥಗಳ ಶೋಧನೆಗೆ ಮೈಸೂರು ನಗರವು ಒಂದು ಶತಮಾನಕ್ಕೂ ಮಿಕ್ಕ ಕಾಲದಿಂದ ನೆಲೆಯಾಗಿರುವುದು ವಾಚಕರಿಗೆ ಸುವಿದಿತವಾಗಿದೆ. 1891ರಲ್ಲಿ ಸ್ಥಾಪಿತವಾದ ಪ್ರಾಚ್ಯಪುಸ್ತಕಭಂಡಾರದಲ್ಲಿ, ಎಂದರೆ ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಗ್ರಂಥಲಿಪಿಯ ಓಲೆಯ ಪ್ರತಿಯೊಂದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅದರ ಮೂಲವನ್ನು ಮುದ್ರಿಸಿದರು. ಹೆಸರಿನಿಂದ ಮಾತ್ರ ತಿಳಿದಿದ್ದ ಶಾಸ್ತ್ರವೊಂದು ಕೆಲವು ಗರಿಗಳ ಬಲದಿಂದ ಲೋಕಕ್ಕೆ ಮರಳಿ ದೊರೆಯಿತು. ಇಂತಹ ಗರಿಗಳು ಇನ್ನೂ ಎಷ್ಟೋ ಮನೆಗಳ ಅಟ್ಟಗಳಲ್ಲಿಯೂ ಮಠಗಳ ಪೆಟ್ಟಿಗೆಗಳಲ್ಲಿಯೂ ಇವೆ. ಅವುಗಳನ್ನು ಮನೆಯಿಂದ ಹೊರಕ್ಕೆ ಕಳುಹಿಸಲು ಯಜಮಾನರು ಒಪ್ಪುವುದು ವಿರಳ. ಆದುದರಿಂದ ಶೋಧಕನೇ ಅಲ್ಲಿಗೆ ಹೋಗಬೇಕು, ಹೋದವನು ದೊರೆತ ಒಂದೆರಡು ಗಳಿಗೆಗಳಲ್ಲಿ ಪ್ರತಿಯನ್ನು ತೆಗೆದುಕೊಂಡು ಬರಬೇಕು. ಹಿಂದೆ ಇದು ಕೈಬರಹದಿಂದ ನಡೆಯುತ್ತಿದ್ದಿತು. ಈಗ ಜೋಳಿಗೆಯಲ್ಲಿ ಅಡಗುವ ಕಿರುಕ್ಯಾಮರಾ ಆ ಕೆಲಸವನ್ನು ಮಾಡುತ್ತದೆ.

ಆ ಕ್ಯಾಮರಾ ಯಾವುದಾಗಿರಬೇಕು ಎಂಬ ಪ್ರಶ್ನೆಯನ್ನು ನಮ್ಮ ಪರಿಷತ್ತಿನ ಮಿತ್ರರು ಹಲವು ಸಲ ಕೇಳಿದ್ದಾರೆ. ಅಂಗಡಿಯವರು ಪಿಕ್ಸೆಲ್‌ಗಳ ಸಂಖ್ಯೆಯನ್ನು ಮೊದಲು ಹೇಳುತ್ತಾರೆ. ಮಸೂರದ ಮಾತು ಕೊನೆಗೆ ಬಂದರೆ ಬಂದೀತು. ಅಕ್ಷರವನ್ನು ಓದಬೇಕಾದವನಿಗೆ ಈ ಕ್ರಮವು ತಲೆಕೆಳಗು. ಮಸೂರವೇ ಪ್ರಧಾನ, ಬಿಂಬಫಲಕದ ಅಳತೆ ಅದರ ಅಂಗ, ಪಿಕ್ಸೆಲ್‌ಗಳ ಸಂಖ್ಯೆ ಆ ಬಳಿಕದ್ದು ಎಂಬುದೇ ಈ ಲೇಖನದ ಪ್ರತಿಜ್ಞೆ. ಶಾಸ್ತ್ರಪ್ರವೃತ್ತಿಯು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ಬಗೆಯೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಹೇಳಿರುವ ಕ್ರಮವನ್ನೇ ಇಲ್ಲಿಯೂ ಹಿಡಿಯುವೆವು.

1. ಉದ್ದೇಶ

ಮೊದಲು ಪದಾರ್ಥಗಳನ್ನು ಹೆಸರಿಸತಕ್ಕದ್ದು. ಕ್ಯಾಮರಾದಲ್ಲಿ ಮುಖ್ಯಾಂಗಗಳು ಮೂರು: ಬೆಳಕನ್ನು ಕೂಡಿಸುವ ಮಸೂರ, ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ರಂಧ್ರ, ಬಿಂಬವು ಬಂದು ಬೀಳುವ ಫಲಕ, ಅಂಗಡಿಯ ಮಾತಿನಲ್ಲಿ ಸೆನ್ಸರ್. ಮಸೂರವೆಂಬ ಹೆಸರು ಚನ್ನಂಗಿಬೇಳೆಯ ಆಕಾರದಿಂದ ಬಂದುದು. ಲ್ಯಾಟಿನ್ ಭಾಷೆಯ ಲೆನ್ಸ್ ಎಂಬ ಶಬ್ದಕ್ಕೂ ಅದೇ ಬೇಳೆಯೇ ಅರ್ಥ. ಕ್ಯಾಮರಾದೊಳಗೆ ಇರುವುದು ಒಂದೇ ಗಾಜಲ್ಲ. ಒಂದು ಗಾಜಿನ ದೋಷವನ್ನು ಇನ್ನೊಂದು ಪರಿಹರಿಸುವಂತೆ ಜೋಡಿಸಿದ ಹಲವು ಗಾಜುಗಳ ಸಮೂಹಕ್ಕೆ ಮಸೂರವೆಂದು ವ್ಯವಹಾರ. 1902ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯಲ್ಲಿ ಪಾಲ್ ರುಡಾಲ್ಫ್ ಎಂಬವರು ನಾಲ್ಕೇ ಗಾಜುಗಳಿಂದ ರಚಿಸಿದ ಟೆಸ್ಸಾರ್ ಮಸೂರವು ಈ ವಿದ್ಯೆಯಲ್ಲಿ ಪ್ರಸಿದ್ಧವಾದ ಉದಾಹರಣೆ. ಗಾಜುಗಳ ಎಣಿಕೆ ಹೆಚ್ಚಿದ ಮಾತ್ರಕ್ಕೆ ಬಿಂಬವು ಉತ್ತಮವಾಗದೆಂಬುದಕ್ಕೂ ಅದು ಸಾಕ್ಷಿ.

ಶಾಸ್ತ್ರದ ಉದ್ದೇಶವು ಹೀಗಾದರೆ, ಲೋಕರೂಢಿಯ ಅರ್ಥದಲ್ಲಿ ನಮ್ಮ ಉದ್ದೇಶವೇನು? ವಿವಾಹದ ಚಿತ್ರ, ದಸರೆಯ ದೀಪಾಲಂಕಾರದ ಚಿತ್ರ ಇವುಗಳಲ್ಲಿ ನಡುವಿನ ಮುಖ ಚೆನ್ನಾಗಿದ್ದರೆ ಸಾಕು. ಅಂಚು ಮಸುಕಾದರೆ ಯಾರೂ ಗಮನಿಸರು. ಗ್ರಂಥದ ಪ್ರತಿಯಲ್ಲಿ ಹಾಗಲ್ಲ. ಗರಿಯ ಎಡದ ಅಂಚಿನಲ್ಲಿ ಗರಿಯ ಸಂಖ್ಯೆಯಿರುತ್ತದೆ. ಪಂಕ್ತಿಗಳ ಆದಿಯೂ ಅಂತ್ಯವೂ ಅಂಚಿನಲ್ಲಿಯೇ ಇವೆ. ಓದಿಕೊಡಬೇಕೆಂದು ನಮ್ಮ ಬಳಿಗೆ ಬಂದ ಚಿತ್ರಗಳ ಕಟ್ಟೊಂದರಲ್ಲಿ ಪ್ರತಿಯೊಂದು ಗರಿಯ ನಡುಭಾಗವು ನಿಚ್ಚಳವಾಗಿಯೂ ಎರಡು ಕೊನೆಗಳು ಮಂಜು ಕವಿದಂತೆಯೂ ಇದ್ದುವು. ಗರಿಗಳ ಸಂಖ್ಯೆ ಕಾಣದುದರಿಂದ ಕ್ರಮವು ತಪ್ಪಿತು. ಪಂಕ್ತಿಯಿಂದ ಪಂಕ್ತಿಗೆ ಅನ್ವಯವು ಕಡಿಯಿತು. ಮೂಲವನ್ನು ಮತ್ತೆ ನೋಡೋಣವೆಂದರೆ ಆ ಮನೆಯ ಓಲೆಗಳು ಅಷ್ಟರಲ್ಲಿ ಗೆದ್ದಲಿಗೆ ಆಹಾರವಾಗಿದ್ದುವು. ಮಸುಕಾದ ಆ ಚಿತ್ರಗಳೇ ಈಗ ಆ ಗ್ರಂಥಕ್ಕೆ ಉಳಿದಿರುವ ಏಕಮಾತ್ರ ಆಧಾರ. ಚಿತ್ರವು ಮೂಲದ ಸ್ಥಾನಕ್ಕೆ ಬಂದು ನಿಲ್ಲುವ ಸಂದರ್ಭವು ಹೀಗೆ ಅನಿರೀಕ್ಷಿತವಾಗಿ ಬರುವುದರಿಂದಲೇ ಉಪಕರಣದ ಆಯ್ಕೆಯನ್ನು ಅಲ್ಪವಿಷಯವೆಂದು ಬಿಡಲಾಗದು.

ಅಕ್ಷರಭೇದವೂ ಸೂಕ್ಷ್ಮವಾದುದು. ದಕಾರಕ್ಕೂ ಧಕಾರಕ್ಕೂ ನಮ್ಮ ಲಿಪಿಯಲ್ಲಿ ಒಂದು ಸಣ್ಣ ಸೀಳಿನ ಅಂತರ. ದಾನಪತ್ರವೊಂದರಲ್ಲಿ ಆ ಸೀಳು ಕಾಣದಿದ್ದರೆ ಕೊಟ್ಟುದು ದನವೋ ಧನವೋ ಎಂಬುದು ನಿಶ್ಚಯವಾಗದು. ಪಕಾರ ವಕಾರಗಳಲ್ಲಿಯೂ ಹೀಗೆಯೇ ಪರ ಎಂಬುದು ವರವಾಗಬಹುದು.

2. ಲಕ್ಷಣ

(ಅ) ಬಿಂಬಫಲಕದ ಅಳತೆ. ಕಿರುಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಮೂರು ಅಳತೆಗಳ ಫಲಕಗಳು ಕಾಣಬರುತ್ತವೆ. 1/2.3 ಇಂಚು ಎಂದು ಕರೆಯುವ ಫಲಕವು ಸುಮಾರು 6.2 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಅಗಲ. ಒಂದು ಇಂಚಿನದೆಂದು ಕರೆಯುವುದು 13.2 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ. ಎಪಿಎಸ್-ಸಿ ಎಂಬುದು ಸುಮಾರು 23.5 ಮಿಲಿಮೀಟರ್ ಉದ್ದ, 15.6 ಮಿಲಿಮೀಟರ್ ಅಗಲ. ಒಂದು ಇಂಚು ಎಂಬುದು ಹಳೆಯ ದೂರದರ್ಶನ ಕ್ಯಾಮರಾಗಳ ನಳಿಗೆಯ ಹೊರವ್ಯಾಸದಿಂದ ಬಂದ ರೂಢನಾಮವೇ ಹೊರತು ಅನ್ವರ್ಥನಾಮವಲ್ಲ. ಆ ಫಲಕದ ಕರ್ಣವೂ 16 ಮಿಲಿಮೀಟರನ್ನು ಮುಟ್ಟದು. ಆದರೂ ಕ್ಷೇತ್ರಫಲದಲ್ಲಿ ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು, ಮೂರನೆಯದು ಎರಡನೆಯದರ ಮೂರು ಪಟ್ಟಿಗೂ ಹೆಚ್ಚು. ಹಳ್ಳಿಯ ಮನೆಯ ಮಂದವಾದ ಬೆಳಕಿನಲ್ಲಿ ಈ ವ್ಯತ್ಯಾಸವು ಚಿತ್ರದಲ್ಲಿ ನುಣುಪು ಒರಟುಗಳಾಗಿ ಪ್ರತ್ಯಕ್ಷವಾಗುವುದು.

(ಆ) ಪಿಕ್ಸೆಲ್‌ಗಳ ಸಂಖ್ಯೆ. ಬೆಳಕಿನ ಒಂದು ಬಿಂದುವು ಎಷ್ಟೇ ನಿರ್ದೋಷವಾದ ಮಸೂರದ ಮೂಲಕ ಬಂದರೂ ಬಿಂದುವಾಗಿ ಉಳಿಯದೆ ಒಂದು ಸಣ್ಣ ವೃತ್ತವಾಗಿ ಹರಡುವುದು. ಇದು ಬೆಳಕಿನ ಸ್ವಭಾವ, ಮಸೂರದ ಅಪರಾಧವಲ್ಲ. ಹಸುರು ಬೆಳಕಿಗೆ ಈ ವೃತ್ತದ ವ್ಯಾಸವು, ಮೈಕ್ರಾನುಗಳಲ್ಲಿ ಎಣಿಸಿದರೆ, ಎಫ್-ಸಂಖ್ಯೆಯ ಸುಮಾರು 1.34 ಪಟ್ಟಾಗುವುದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಫ್-ಸಂಖ್ಯೆಯ ಅರ್ಥವನ್ನು ಮುಂದೆ ಹೇಳುವೆವು. 1/2.3 ಇಂಚಿನ ಫಲಕದಲ್ಲಿ ಎರಡು ಕೋಟಿ ಪಿಕ್ಸೆಲ್‌ಗಳನ್ನು ತುಂಬಿದರೆ ಒಂದೊಂದರ ಅಗಲವು 1.2 ಮೈಕ್ರಾನ್ ಮಾತ್ರ. ಎಫ್ 3.5ರಲ್ಲಿ ಬೆಳಕಿನ ವೃತ್ತವೇ 4.7 ಮೈಕ್ರಾನ್, ಎಂದರೆ ಒಂದು ಬಿಂದುವು ಅಗಲದಲ್ಲಿಯೇ ನಾಲ್ಕು ಪಿಕ್ಸೆಲ್‌ಗಳನ್ನು ಆಕ್ರಮಿಸುವುದು. ಕಣಜವು ದೊಡ್ಡದೆಂದು ಬೆಳೆಯು ಹೆಚ್ಚಾದೀತೆ? ತಯಾರಕರಿಗೂ ಇದು ತಿಳಿಯದ ವಿಷಯವಲ್ಲ. 2008ರ ಕ್ಯಾನನ್ ಜಿ10 ಎಂಬುದರಲ್ಲಿ 147 ಲಕ್ಷ ಪಿಕ್ಸೆಲ್‌ಗಳಿದ್ದುವು; ಅದರ ಮುಂದಿನದಾಗಿ 2009ರಲ್ಲಿ ಬಂದ ಜಿ11ರಲ್ಲಿ ಅವರೇ 100 ಲಕ್ಷಕ್ಕೆ ಇಳಿಸಿದರು. ಒಲಿಂಪಸ್‌ನವರು ಟಿಜಿ-4ರಲ್ಲಿ ಇದ್ದ 160 ಲಕ್ಷವನ್ನು 2017ರ ಟಿಜಿ-5ರಲ್ಲಿ 120 ಲಕ್ಷಕ್ಕೆ ತಂದರು.

ಹಾಗಾದರೆ ನಮಗೆ ಎಷ್ಟು ಬೇಕು? ಗರಿಯ ಉದ್ದ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 200 ಲಕ್ಷ ಪಿಕ್ಸೆಲ್‌ಗಳ ಚಿತ್ರದ ಉದ್ದದಲ್ಲಿ 5472 ಪಿಕ್ಸೆಲ್‌ಗಳಿದ್ದರೆ, ಇಡೀ ಗರಿಯನ್ನು ಒಂದೇ ಚಿತ್ರದಲ್ಲಿ ತೆಗೆದಾಗ ಮಿಲಿಮೀಟರಿಗೆ 12 ದೊರೆಯುವುವು. ಕಂಟದಿಂದ ಕೊರೆದ ಗೆರೆಯ ಅಗಲವು ಮಿಲಿಮೀಟರಿನ ಐದರಲ್ಲೊಂದು ಪಾಲಾದರೆ ಅದಕ್ಕೆ ಬರುವುದು ಎರಡೂವರೆಗೂ ಕಡಮೆ. ಇದು ಓದಲು ಸಾಲಬಹುದು, ವಿವಾದಕ್ಕೆ ಸಾಲದು. ಅದೇ ಗರಿಯನ್ನು ಮೂರು ಭಾಗಗಳಾಗಿ, ಒಂದರ ಅಂಚು ಇನ್ನೊಂದರಲ್ಲಿ ಸೇರುವಂತೆ, ತೆಗೆದರೆ ಸಂಖ್ಯೆಯು ತಾನಾಗಿ ಇಮ್ಮಡಿಗೆ ಮೀರುವುದು. ಹೆಚ್ಚು ಪಿಕ್ಸೆಲ್‌ಗಳನ್ನು ಹಣ ಕೊಟ್ಟು ತರುವುದಕ್ಕಿಂತ ಹೆಚ್ಚು ಸಲ ಗುಂಡಿಯನ್ನು ಒತ್ತುವುದು ಲಾಘವ.

(ಇ) ರಂಧ್ರ. ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದು ಎಫ್-ಸಂಖ್ಯೆ. ಅದು ಕಿರಿದಾದಷ್ಟೂ ಬೆಳಕು ಹಿರಿದು. ಮಸೂರದ ಮುಖದ ಮೇಲೆ ಈ ಸಂಖ್ಯೆಗಳು ಎರಡು ಬರೆದಿರುತ್ತವೆ: ಒಂದು ವಿಶಾಲದೃಷ್ಟಿಗೆ, ಇನ್ನೊಂದು ದೂರದೃಷ್ಟಿಗೆ. ಕೊಳ್ಳುವವನು ಮೊದಲನೆಯದನ್ನು ಓದಿ ಹಿಗ್ಗುತ್ತಾನೆ, ಎರಡನೆಯದನ್ನೂ ಓದಬೇಕು. 2012ರ ಸೋನಿ ಆರ್‌ಎಕ್ಸ್100ರಲ್ಲಿ ಅವು 1.8 ಮತ್ತು 4.9. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗುವಷ್ಟರಲ್ಲಿ ಬೆಳಕು ಏಳರಲ್ಲೊಂದು ಪಾಲಿಗಿಂತಲೂ ಕಡಮೆಯಾಗುವುದು. 2014ರ ಕ್ಯಾನನ್ ಜಿ7 ಎಕ್ಸ್‌ನಲ್ಲಿ ಅವು 1.8 ಮತ್ತು 2.8 ಆಗಿರುವುದರಿಂದ ಬೆಳಕಿನ ಇಳಿತವು ಎರಡೂವರೆ ಪಟ್ಟಿಗೂ ಒಳಗೆ ನಿಲ್ಲುವುದು.

(ಈ) ಸಾಮೀಪ್ಯ. ಗ್ರಂಥಶೋಧಕನಿಗೆ ಇದು ಎಲ್ಲಕ್ಕಿಂತ ಮುಖ್ಯವಾದರೂ ಕೊಳ್ಳುವಾಗ ಎಲ್ಲಕ್ಕಿಂತ ಹೆಚ್ಚಾಗಿ ಮರೆಯಲ್ಪಡುವ ಲಕ್ಷಣ. ಐದು ಸೆಂಟಿಮೀಟರಿನವರೆಗೆ ಹತ್ತಿರ ಹೋಗಬಹುದೆಂದು ಪತ್ರಿಕೆಯಲ್ಲಿ ಬರೆದಿದ್ದರೆ ಅದು ಸಾಧಾರಣವಾಗಿ ವಿಶಾಲದೃಷ್ಟಿಯ ಮಾತು. ಅಷ್ಟು ಸಮೀಪದಲ್ಲಿ ಕ್ಯಾಮರಾದ ನೆರಳು ಗರಿಯ ಮೇಲೆಯೇ ಬೀಳುವುದು, ನೇರವಾದ ಪಂಕ್ತಿಗಳು ಬಿಲ್ಲಿನಂತೆ ಬಾಗುವುವು. ದೂರದೃಷ್ಟಿಯಲ್ಲಿ ಎಷ್ಟು ಸಮೀಪಿಸಬಹುದೆಂಬುದೇ ನಮಗೆ ಬೇಕಾದ ಲೆಕ್ಕ. ಮೇಲೆ ಹೇಳಿದ ಆರ್‌ಎಕ್ಸ್100ಕ್ಕೆ ಅದು 55 ಸೆಂಟಿಮೀಟರ್. ಆಗ ಚಿತ್ರದಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದದ ಭಾಗವು ಸೇರುವುದು. ನೆರಳಿಲ್ಲ, ವಕ್ರತೆ ಕಡಮೆ. ಗರಿಯನ್ನು ಮೂರು ಭಾಗಗಳಾಗಿ ತೆಗೆಯಲು ಇದು ಅನುಕೂಲ.

(ಉ) ಸ್ಥಿರನಾಭಿ ಮತ್ತು ಚರನಾಭಿ. ನಾಭಿದೂರವು ಬದಲಾಗದ ಮಸೂರದಲ್ಲಿ ರಚನಕಾರನು ಒಂದೇ ಸ್ಥಿತಿಯ ದೋಷಗಳನ್ನು ಪರಿಹರಿಸಿದರೆ ಸಾಕಾದುದರಿಂದ ಅಂಚಿನ ಸ್ಪಷ್ಟತೆಯನ್ನು ಸಾಧಿಸುವುದು ಸುಲಭ. 2019ರ ರಿಕೋ ಜಿಆರ್ 3, 2021ರ ಜಿಆರ್ 3ಎಕ್ಸ್ ಇವೆರಡೂ ಎಪಿಎಸ್-ಸಿ ಫಲಕವಿದ್ದು ಅಂಗಿಯ ಜೇಬಿನಲ್ಲಿ ಅಡಗುವುವು. ಮೊದಲನೆಯದರ ದೃಷ್ಟಿ 35 ಮಿಲಿಮೀಟರ್ ಅಗಲದ ಹಳೆಯ ಫಿಲ್ಮಿನ ಲೆಕ್ಕದಲ್ಲಿ 28 ಮಿಲಿಮೀಟರಿಗೂ, ಎರಡನೆಯದರದು 40 ಮಿಲಿಮೀಟರಿಗೂ ಸಮ. ಸಮೀಪಚಿತ್ರಕ್ಕೆ ಮೊದಲನೆಯದು 6 ಸೆಂಟಿಮೀಟರಿನವರೆಗೂ ಎರಡನೆಯದು 12 ಸೆಂಟಿಮೀಟರಿನವರೆಗೂ ಹೋಗುವುವು. ಹೆಚ್ಚು ಹತ್ತಿರ ಹೋಗುವುದೇ ಶ್ರೇಷ್ಠವೆಂದು ತೋರಬಹುದಾದರೂ, ನೆರಳು ವಕ್ರತೆಗಳ ಕಾರಣದಿಂದ ಗರಿಗೆ ಎರಡನೆಯದೇ ಹಿತ. ಮೂವತ್ತು ನಲವತ್ತು ಪಟ್ಟು ಹಿಗ್ಗಿಸುವ ಮಸೂರಗಳು ಪಕ್ಷಿಗಳನ್ನು ನೋಡುವವರಿಗೆ ಇರಲಿ. ಅಷ್ಟು ಸ್ಥಿತಿಗಳಲ್ಲಿ ಎಲ್ಲಿಯೂ ನಿರ್ದೋಷವಾಗಿರುವ ಮಸೂರವನ್ನು ಜೇಬಿನ ಅಳತೆಯಲ್ಲಿ ರಚಿಸುವುದು ದುಸ್ಸಾಧ್ಯ. ಅಂಕೀಯ ಹಿಗ್ಗಿಕೆ ಎಂದು ಕರೆಯುವುದಂತೂ ಇದ್ದ ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುವುದು. ಅದನ್ನು ಗಣನೆಗೆ ತೆಗೆದುಕೊಳ್ಳಬೇಕಾಗಿಲ್ಲ.

ಮೇಲಣ ಮಾದರಿಗಳನ್ನು ಉದಾಹರಣೆಗಾಗಿ ಮಾತ್ರ ಹೆಸರಿಸಿದೆವು. ಮಾದರಿಗಳು ಬರುತ್ತವೆ, ಹೋಗುತ್ತವೆ, ಲಕ್ಷಣವು ನಿಲ್ಲುತ್ತದೆ. ಹಳೆಯ ಮಾದರಿಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅಗ್ಗವಾಗಿ ಬಂದಾಗಲೂ ಲಕ್ಷಣವು ಸರಿಯಿದ್ದರೆ ಅದು ಗ್ರಾಹ್ಯವೇ.

3. ಪರೀಕ್ಷೆ

ಲಕ್ಷಣವು ಜಾತಿಗೆ ಸೇರಿದುದು, ಪರೀಕ್ಷೆಯು ವ್ಯಕ್ತಿಗೆ. ಒಂದೇ ಹೆಸರಿನ ಎರಡು ಕ್ಯಾಮರಾಗಳಲ್ಲಿ ಗಾಜುಗಳ ಜೋಡಣೆ ಸಮವಾಗಿಲ್ಲದೆ ಒಂದು ಒಳ್ಳೆಯದೂ ಇನ್ನೊಂದು ಕೆಟ್ಟದೂ ಆಗಿರಬಹುದು. ಆದಕಾರಣ ಕೊಂಡ ವಸ್ತುವನ್ನು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಪರೀಕ್ಷಿಸತಕ್ಕದ್ದು. ಇದಕ್ಕೆ ವಿದೇಶದ ಪರೀಕ್ಷಾಪಟಗಳು ಬೇಡ. ನಮ್ಮ ನಗರದ ಒಂಟಿಕೊಪ್ಪಲ್ ಪಂಚಾಂಗವು ಸಾಕು. ತಿಥಿ ನಕ್ಷತ್ರಗಳ ಗಳಿಗೆ ವಿಗಳಿಗೆಗಳನ್ನು ಹೇಳುವ ಅದರ ಸಣ್ಣ ಅಂಕಿಗಳಿಗಿಂತ ಉತ್ತಮವಾದ ಒರೆಗಲ್ಲು ಸುಲಭವಾಗಿ ದೊರೆಯದು. ಕಳೆದ ಸಂವತ್ಸರದ ಪಂಚಾಂಗದಿಂದ ಐದು ಹಾಳೆಗಳನ್ನು ಬಿಡಿಸಿಕೊಳ್ಳಬಹುದು.

ಮೊದಲನೆಯ ಪರೀಕ್ಷೆ: ಸಮವಾದ ಗೋಡೆಯ ಮೇಲೆ ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ನಾಲ್ಕು ಹಾಳೆಗಳನ್ನು ಅಂಟಿಸಿ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ಗೋಡೆಗೆ ಸಮಾನಾಂತರವಾಗಿ ನಿಲ್ಲಿಸಿ, ಐದೂ ಹಾಳೆಗಳು ಚೌಕಟ್ಟಿಗೆ ತುಂಬುವಂತೆ ನೋಡಿಕೊಂಡು, ಕೈ ತಾಗದಂತೆ ಎರಡು ಸೆಕೆಂಡುಗಳ ವಿಳಂಬವಿಟ್ಟು ಚಿತ್ರವನ್ನು ತೆಗೆಯಬೇಕು. ರಂಧ್ರವು ಪೂರ್ಣವಾಗಿ ತೆರೆದಾಗ ಒಂದು, ಎಫ್ 4ರಲ್ಲಿ ಒಂದು, 5.6ರಲ್ಲಿ ಒಂದು. ಚರನಾಭಿಯಾದರೆ ಎರಡು ಕೊನೆಗಳಲ್ಲಿಯೂ ನಡುವೆಯೂ ಹೀಗೆಯೇ ಮಾಡಿ, ಗಣಕದ ತೆರೆಯ ಮೇಲೆ ಪೂರ್ಣಗಾತ್ರದಲ್ಲಿ ನೋಡಬೇಕು. ನಾಲ್ಕು ಮೂಲೆಗಳೂ ಸ್ವಲ್ಪ ಸಮವಾಗಿ ಮಸುಕಾಗಿ ರಂಧ್ರವನ್ನು ಕುಗ್ಗಿಸಿದಾಗ ತಿಳಿಯಾದರೆ ಮಸೂರವು ಗ್ರಾಹ್ಯ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮರಾವನ್ನು ತಲೆಕೆಳಗಾಗಿಸಿ ಮತ್ತೊಮ್ಮೆ ತೆಗೆಯಬೇಕು. ದೋಷವು ಗೋಡೆಯ ಮೂಲೆಯಲ್ಲಿಯೇ ಉಳಿದರೆ ಅದು ನಿಲ್ಲಿಸಿದ ಕ್ರಮದ್ದು. ಕ್ಯಾಮರಾದೊಂದಿಗೆ ಎದುರು ಮೂಲೆಗೆ ಹೋದರೆ ಅದು ಮಸೂರದ್ದು, ವಸ್ತುವನ್ನು ಹಿಂದಿರುಗಿಸತಕ್ಕದ್ದು. ಅನ್ವಯವ್ಯತಿರೇಕಗಳ ಪ್ರಯೋಜನವು ಇಲ್ಲಿ ಕಣ್ಣಿಗೆ ಕಾಣುವುದು.

ಎರಡನೆಯ ಪರೀಕ್ಷೆ: ಚೌಕದ ಗೆರೆಗಳುಳ್ಳ ಕಾಗದವನ್ನು ಚಿತ್ರಿಸಿ ಅಂಚಿನ ಗೆರೆಗಳು ನೇರವಾಗಿವೆಯೋ ಬಾಗಿವೆಯೋ ನೋಡುವುದು. ಈಗಿನ ಕ್ಯಾಮರಾಗಳು ಈ ವಕ್ರತೆಯನ್ನು ಲೆಕ್ಕದಿಂದ ತಾವೇ ತಿದ್ದಿಬಿಡುತ್ತವೆ. ಹಾಗೆ ಎಳೆದು ತಿದ್ದಿದ ಮೂಲೆಯಲ್ಲಿ ಸೂಕ್ಷ್ಮತೆಯು ಸ್ವಲ್ಪ ನಷ್ಟವಾಗುವುದು. ಮೂರನೆಯದು: ಮೂಲೆಯ ಕಪ್ಪಕ್ಷರಗಳ ಅಂಚಿನಲ್ಲಿ ನೇರಿಳೆ ಅಥವಾ ಹಸುರು ಬಣ್ಣದ ಸೆರಗು ಇದೆಯೋ ಎಂದು ನೋಡುವುದು. ನಾಲ್ಕನೆಯದು: ಪಕ್ಕದಲ್ಲಿ ದೀಪವನ್ನಿಟ್ಟು ತೆಗೆದಾಗ ಚಿತ್ರದ ಮೇಲೆ ಬಿಳಿಯ ಪೊರೆ ಕವಿಯುವುದೋ ಎಂದು ನೋಡುವುದು. ಐದನೆಯದು: ಒಂದೇ ಹಾಳೆಯನ್ನು ದೂರದೃಷ್ಟಿಯಲ್ಲಿ ಅತಿಸಮೀಪದಿಂದ ತೆಗೆದು ಅಂಕಿಗಳನ್ನು ಓದುವುದು. ಪ್ರತ್ಯಕ್ಷಜ್ಞಾನವನ್ನು ಕೆಡಿಸುವ ಕಾಚಕಾಮಲಾದಿ ನೇತ್ರದೋಷಗಳನ್ನು ನಮ್ಮ ಶಾಸ್ತ್ರಗಳು ಹೇಳುತ್ತವಷ್ಟೆ. ಗಾಜಿನ ಕಣ್ಣಿಗೂ ಅಂತಹ ದೋಷಗಳುಂಟು, ಅವು ಇವೇ.

4. ಆಕ್ಷೇಪಸಮಾಧಾನಗಳು

ಕೈಯಲ್ಲಿರುವ ಮೊಬೈಲ್ ಫೋನೇ ಸಾಲದೆ ಎಂಬುದು ಮೊದಲನೆಯ ಆಕ್ಷೇಪ. ಬೇರೇನೂ ಇಲ್ಲದಾಗ ಫೋನಿನ ಚಿತ್ರವು ಇಲ್ಲದುದಕ್ಕಿಂತ ಎಷ್ಟೋ ಮೇಲು. ಗ್ರಂಥದ ಹೆಸರು, ವಿಷಯಗಳನ್ನು ತಿಳಿಯಲು ಅದು ಸಾಕು. ಆದರೆ ಫೋನುಗಳು ಕಿರಿಯ ಮಸೂರದ ಕೊರತೆಯನ್ನು ತುಂಬಲು ಹಲವು ಚಿತ್ರಗಳನ್ನು ಬೆಸೆದು, ಒರಟನ್ನು ನುಣುಪುಮಾಡಿ, ಗೆರೆಗಳ ಅಂಚನ್ನು ತೀಡಿ ಚಿತ್ರವನ್ನು ಸಿದ್ಧಪಡಿಸುತ್ತವೆ. ಮುಖಕ್ಕೆ ಇದು ಅಲಂಕಾರ; ಅಕ್ಷರಕ್ಕೆ ಇದು ಪ್ರಕ್ಷೇಪ. ಗ್ರಂಥಸಂಪಾದಕನು ತನ್ನ ಊಹೆಯನ್ನು ಆವರಣಚಿಹ್ನೆಯಲ್ಲಿಟ್ಟು ಓದುಗನಿಗೆ ತಿಳಿಸುತ್ತಾನೆ. ಯಂತ್ರವು ಯಾವುದು ಕಂಡುದು, ಯಾವುದು ತೀಡಿದುದು ಎಂದು ಹೇಳುವುದಿಲ್ಲ. ಒಳ್ಳೆಯ ಕಿರುಕ್ಯಾಮರಾಗಳಲ್ಲಿ ಫಲಕವು ಕೊಟ್ಟುದನ್ನು ಹಾಗೆಯೇ ಉಳಿಸುವ ರಾ ಎಂಬ ಕಡತವನ್ನು ತೆಗೆಯಬಹುದು. ಇದು ಇರುವುದನ್ನೇ ಆರಿಸತಕ್ಕದ್ದು. ಕೆಲವು ಫೋನುಗಳಲ್ಲಿಯೂ ಈಗ ಈ ಅನುಕೂಲವುಂಟು.

ಮಸೂರವನ್ನು ಬದಲಿಸಬಹುದಾದ ದೊಡ್ಡ ಕ್ಯಾಮರಾವೇ ಉತ್ತಮವಲ್ಲವೆ ಎಂಬುದು ಎರಡನೆಯದು. ಸಂಸ್ಥೆಯ ಕೊಠಡಿಯಲ್ಲಿ ನಿಸ್ಸಂದೇಹವಾಗಿ ಹೌದು. ಆದರೆ ಬಸ್ಸಿನಲ್ಲಿ ಹೋಗಿ, ಜಗಲಿಯ ಮೇಲೆ ಕುಳಿತು, ಯಜಮಾನರ ವಿಶ್ವಾಸವನ್ನು ಸಂಪಾದಿಸಿ ಕೆಲಸ ಮಾಡುವವನಿಗೆ ಹಗುರವಾದ ಉಪಕರಣವೇ ಕೈಗೂಡುವುದು. ಮನೆಯಲ್ಲಿ ಬಿಟ್ಟುಬಂದ ಉತ್ತಮ ಯಂತ್ರಕ್ಕಿಂತ ಜೋಳಿಗೆಯಲ್ಲಿರುವ ಮಧ್ಯಮ ಯಂತ್ರವು ಮೇಲು.

5. ಪ್ರಯೋಗ

ಉಪಕರಣವು ಉತ್ತಮವಾದರೂ ಪ್ರಯೋಗವು ತಪ್ಪಿದರೆ ಫಲವಿಲ್ಲ. ಕ್ಯಾಮರಾದ ಫ್ಲಾಷ್ ದೀಪವನ್ನು ಬಳಸಕೂಡದು. ಎಣ್ಣೆ ಸವರಿದ ಗರಿಯ ಮೇಲೆ ಅದು ಹೊಳೆದು ಅಕ್ಷರಗಳನ್ನು ನುಂಗುವುದು. ಮಸಿ ತುಂಬಿದ ಗರಿಗೆ ಎರಡು ಕಡೆಗಳಿಂದ ಓರೆಯಾಗಿ ಸಮವಾದ ಬೆಳಕು ಬೇಕು. ಮಸಿಯಿಲ್ಲದೆ ಕೊರೆದು ಬಿಟ್ಟ ಗರಿಗೂ ಸವೆದ ಶಿಲಾಶಾಸನಕ್ಕೂ ಒಂದೇ ಕಡೆಯಿಂದ ಮೇಲ್ಮೈಗೆ ತಾಗಿ ಹರಿಯುವ ಬೆಳಕು ಬೇಕು; ಆಗ ಪ್ರತಿಯೊಂದು ಗೆರೆಯೂ ತನ್ನ ನೆರಳಿನಿಂದ ತಾನೇ ವ್ಯಕ್ತವಾಗುವುದು.

ಕ್ಯಾಮರಾವು ತನ್ನ ಮುಂದಿನ ವಸ್ತುವು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ನಡುವಣ ಬೂದಿಬಣ್ಣವೆಂದು ಭಾವಿಸಿ ಬೆಳಕನ್ನು ಅಳೆಯುವುದು. ಆದುದರಿಂದ ಬಿಳಿಯ ಕಾಗದವು ಮಂಕಾಗುವುದು. ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಬಳಪದಿಂದ ಬರೆದ ಹಳೆಯ ಕಡತದಲ್ಲಿ ಇದರ ವಿಪರೀತವಾಗಿ, ಕಪ್ಪುನೆಲವು ಬೂದಿಯಾಗಿ ಬಿಳಿಯ ಅಕ್ಷರವು ಕರಗಿಹೋಗುವುದು. ಕಾಗದಕ್ಕೆ ಬೆಳಕನ್ನು ಒಂದು ಮೆಟ್ಟಲು ಏರಿಸಿ, ಕಡತಕ್ಕೆ ಒಂದು ಮೆಟ್ಟಲು ಇಳಿಸಿ ತೆಗೆಯತಕ್ಕದ್ದು. ಈ ಏರಿಳಿತಕ್ಕೆ ಪ್ರತ್ಯೇಕವಾದ ತಿರುಗುಗುಂಡಿಯುಳ್ಳ ಕ್ಯಾಮರಾ ಕೆಲಸವನ್ನು ಬಹಳ ಸುಲಭಮಾಡುವುದು.

ಗರಿಯು ಬಾಗಿದ್ದರೆ ಒತ್ತಿ ಸಮಮಾಡಬಾರದು. ಒಣಗಿದ ಗರಿ ಸೀಳುವುದು. ರಂಧ್ರವನ್ನು ಎಫ್ 4 ಅಥವಾ 5.6ಕ್ಕೆ ಕುಗ್ಗಿಸಿದರೆ ಅಲ್ಪಸ್ವಲ್ಪ ಬಾಗು ಸ್ಪಷ್ಟತೆಯೊಳಗೆ ಅಡಗುವುದು. ಒಂದು ಇಂಚಿನ ಫಲಕದಲ್ಲಿ ಇದಕ್ಕೂ ಮೀರಿ ಎಫ್ 8ಕ್ಕೆ ಹೋದರೆ ಹಿಂದೆ ಹೇಳಿದ ಬೆಳಕಿನ ವೃತ್ತವು 10.7 ಮೈಕ್ರಾನಾಗಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಪ್ರತಿಯೊಂದು ಚಿತ್ರದಲ್ಲಿಯೂ ಗರಿಯ ಪಕ್ಕದಲ್ಲಿ ಅಳತೆಯ ಪಟ್ಟಿಯೊಂದು ಇರಲಿ. ಹೊರಡುವ ಮುನ್ನ ಮೊದಲನೆಯ, ನಡುವಣ, ಕೊನೆಯ ಗರಿಗಳ ಚಿತ್ರಗಳನ್ನು ಹಿಗ್ಗಿಸಿ ಎಡದ ಅಂಚಿನ ಸಂಖ್ಯೆಯನ್ನು ಅಲ್ಲಿಯೇ ಓದಿನೋಡತಕ್ಕದ್ದು.

6. ನಿಗಮನ

ಸಂಗ್ರಹವಾಗಿ ಹೇಳುವುದಾದರೆ: ಒಂದು ಇಂಚಿಗೆ ಕಡಮೆಯಿಲ್ಲದ ಫಲಕ, ಎರಡು ಕೊನೆಗಳಲ್ಲಿಯೂ ಬೆಳಕನ್ನು ಉಳಿಸಿಕೊಳ್ಳುವ, ಹಿಗ್ಗಿಕೆಯು ನಾಲ್ಕು ಪಟ್ಟಿನ ಒಳಗಿರುವ ಅಥವಾ ಸ್ಥಿರನಾಭಿಯ ಮಸೂರ, ನೆರಳು ಬೀಳದ ದೂರದಿಂದ ಗರಿಯ ಭಾಗವನ್ನು ತುಂಬಿಕೊಳ್ಳುವ ಸಾಮೀಪ್ಯ, ರಾ ಕಡತ, ಬೆಳಕಿನ ಏರಿಳಿತಕ್ಕೆ ಕೈಗೆಟಕುವ ಗುಂಡಿ. ಇವು ಇದ್ದು ಪಂಚಾಂಗಪರೀಕ್ಷೆಯಲ್ಲಿ ನಾಲ್ಕು ಮೂಲೆಗಳೂ ಓದಲು ಬಂದರೆ, ಪಿಕ್ಸೆಲ್‌ಗಳು 120 ಲಕ್ಷವಿದ್ದರೂ 200 ಲಕ್ಷವಿದ್ದರೂ ಅದು ನಮ್ಮ ಕಾರ್ಯಕ್ಕೆ ಯೋಗ್ಯ.

ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಾವು ನೋಡಿದಂತೆಯೇ ಬರೆದಿದ್ದೇವೆಂದು ಹೇಳಿ, ತಪ್ಪಿದ್ದರೆ ವಿದ್ವಾಂಸರು ತಿದ್ದಿಕೊಳ್ಳಬೇಕೆಂದು ಪ್ರಾರ್ಥಿಸುತ್ತಿದ್ದರು. ಅವರ ಸ್ಥಾನದಲ್ಲಿ ಈಗ ಮಸೂರವು ಕುಳಿತಿದೆ. ಅದಕ್ಕೆ ಪ್ರಾರ್ಥಿಸಲು ಬಾರದು. ಆದುದರಿಂದ ಅದು ನೋಡಿದಂತೆಯೇ ಬರೆಯುವುದೋ ಇಲ್ಲವೋ ಎಂಬುದನ್ನು ಗರಿಯ ಮುಂದೆ ಇಡುವುದಕ್ಕೆ ಮೊದಲೇ ನಾವು ನಿಶ್ಚಯಿಸಿಕೊಳ್ಳಬೇಕು. ಗ್ರಾಮಗಳಿಗೆ ಹೋಗಿಬರುವ ಸದಸ್ಯರು ತಮ್ಮ ಕ್ಯಾಮರಾಗಳನ್ನು ಈ ಐದು ಪರೀಕ್ಷೆಗಳಿಗೆ ಒಡ್ಡಿ, ಕಂಡುಬಂದ ಗುಣದೋಷಗಳನ್ನು ಬರೆದಿಟ್ಟು ಪರಸ್ಪರ ತಿಳಿಸಿಕೊಂಡರೆ ಮುಂದಿನ ಶೋಧಕರಿಗೆ ಮಹೋಪಕಾರವಾಗುವುದು.